ಗೋಲ್‌ಕೀಪರ್ ರಾಯರ ಬೆರಳು

ಐರ್ಲೆಂಡಿನ ಲಿಮೆರಿಕ್ ಊರಿನ ಅರ್ಧ ಜನವೇ ಬಂದು ಕೂತಿದ್ದ ಆಸ್ಪತ್ರೆಯಲ್ಲಿ ಕನ್ನಡ ಕೇಳಿದ್ದೇ ತಡ, ಲೋಹಿತ್‌ನ ಕಿವಿ ಮೊರದಗಲವಾಯಿತು. ಎದುರಿಗೆ ತೊಂಬತ್ತರ ಪ್ರಹ್ಲಾದರಾಯರು, ಪಕ್ಕದಲ್ಲಿ ಮಗಳು.

“ಇವತ್ತೂ ನೋವಿಲ್ಲ ಅಂದ್ರೆ ಆಪರೇಷನ್ ಲಿಸ್ಟಿಂದ ಹೆಸರು ತೆಗೀತಾರೆ, ಅಪ್ಪ.”

“ಆಗಿನ ಕಾಲದಲ್ಲಿ ನೋವು ಅಂದಿದ್ರೆ ಫುಟ್‌ಬಾಲ್ ಟೀಮಿಂದ ತೆಗೀತಿದ್ರು. ಟೀಮಲ್ಲಿದ್ರೇನೇ ಮಿಲ್ಲಲ್ಲಿ ಕೆಲಸ, ಗೊತ್ತಾ?”

“ಮುರಿದ ಬೆರಳಲ್ಲೇ ಆಡಿದ್ರಾ?”

“ಬಟ್ಟೆ ಸುತ್ಕೊಂಡು, ಒಂಬತ್ತು ವರ್ಷ ಬಂಡೆ ಥರ ನಿಂತಿದ್ದೆ ಕಣೇ!”

“ಅದೂ ಲೀಗಿನ ಕೊನೇ ದರ್ಜೆ, ಸಿ ಡಿವಿಷನ್ನಲ್ಲಿ. ಈಗ ತುತ್ತು ಎತ್ತಕ್ಕೂ ಆಗಲ್ಲ.”

“ಆಯ್ತಮ್ಮ, ಹೇಳ್ತೀನಿ.”

ಡಾಕ್ಟರ್ ಬಾಗಿಲಿಗೆ ಬಂದು, ಕೈ ಹೇಗಿದೆ ಎಂದರು. ರಾಯರು ಎರಡೂ ಕೈ ಕೋಟಿನ ಜೇಬಿಗೆ ತುರುಕಿ ಎದೆ ಸೆಟೆಸಿದರು.

“ಗ್ರ್ಯಾಂಡ್ ಡಾಕ್ಟರ್, ಗ್ರ್ಯಾಂಡ್! ನೋವೇ ಇಲ್ಲ!”

“ಅಪ್ಪಾ...”

ಅವರು ಒಳಗೆ ಹೋಗಿ ಬಾಗಿಲು ಮುಚ್ಚುವವರೆಗೂ ಲೋಹಿತ್ ನೋಡುತ್ತಲೇ ಇದ್ದ. ಆ ಕೈಗಳು ಜೇಬಿನಿಂದ ಹೊರಗೆ ಬರಲಿಲ್ಲ.