ಜಾಲರಿಯ ಹಿಂದಿನ ಹೆಸರು

ಕೈರೋದ ಹಳೇ ಗಲ್ಲಿಯಲ್ಲಿ ರೊಟ್ಟಿಗಾಗಿ ಸಾಲಿನಲ್ಲಿ ನಿಂತಿದ್ದೆವು. ಪ್ರಸಿದ್ಧ ಕಾದಂಬರಿಕಾರರು ಬೆಳೆದ ಬೀದಿ ನೋಡಲು ಬಂದ ಗುಂಪೊಂದು ಪಕ್ಕದಲ್ಲೇ ನಿಂತಿತು. ಎದುರು ಮನೆಯ ಜಾಲರಿ ಕಿಟಕಿ ತೋರಿಸಿದ ಮಾರ್ಗದರ್ಶಿ, ಆ ಕಾದಂಬರಿಕಾರರ ಕಥಾನಾಯಕಿ ಗುಲ್ಫಿದಾನ್ ಅದರ ಹಿಂದೆ ನಿಂತಿರುತ್ತಿದ್ದಳು ಎಂದ. ಗುಂಪು ಮುಂದೆ ಹೋಯಿತು. ನನ್ನ ಮುಂದಿದ್ದ ಇನ್ಶಿರಾ ಪಕ್ಕದ ಸನಿಯ್ಯಾಳ ತೋಳು ಹಿಡಿದಳು.

"ಕಿಟಕಿ ನಮ್ಮನೇದು ಸರಿ. ಹೆಸರೂ ನಮ್ಮಮ್ಮಂದೇ ಕಣೇ."

"ನಿಮ್ಮಮ್ಮ ಫತ್ಹಿಯಮ್ಮ ಅಲ್ವೇನಕ್ಕಾ?"

"ಅದು ನಮ್ಮಣ್ಣ ಫತ್ಹಿ ಹುಟ್ಟಿದ ಮೇಲೆ, ಅವನಮ್ಮ ಅಂತ ಬೀದಿಯವರು ಕರೆದದ್ದು. ಅದಕ್ಕೆ ಮುಂಚೆ, ಹೆಣ್ಣುಮಕ್ಕಳ ಹೆಸರು ಹೊಸ್ತಿಲು ದಾಟೋಕೆ ಅಜ್ಜ ಬಿಡ್ತಿರಲಿಲ್ಲ."

"ಹಾಗಾದ್ರೆ ಆಗ ಈ ಬೀದೀಲಿದ್ದ ಆ ಬರೆಯೋ ಹುಡುಗನಿಗೆ ಹೇಳಿದ್ಯಾರು?"

"ನಾನೂ ಅದೇ ಯೋಚಿಸ್ತಿದ್ದೀನಿ."

"ಅಮ್ಮ ಗಟ್ಟಿಯಾಗೇ ಇದ್ದಾರಲ್ಲ, ಕೇಳಿಬಿಡು."

"ಕೇಳಿದ್ರೆ, ರೊಟ್ಟಿ ಸೀದಿದೆ ಅಂತ ಮಾತು ತಿರುಗಿಸ್ತಾಳೆ."

"ಮತ್ತೇನು ಮಾಡ್ತೀಯಕ್ಕಾ?"

ಇನ್ಶಿರಾ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು.

"ಕೆಳಗೆ ನಿಂತು ಆ ಹೆಸರು ಹಿಡಿದು ಕೂಗ್ತೀನಿ. ಕಿಟಕಿಗೆ ಹೇಗೆ ಬರ್ತಾಳೆ ನೋಡ್ಬೇಕು."

ಇಬ್ಬರೂ ಹೊರಟರು. ನನ್ನ ಸರದಿ ಬಂದಿತ್ತು. ಹಿಂದಿದ್ದವಳಿಗೆ ಬಿಟ್ಟುಕೊಟ್ಟು, ನಾನು ಕಿಟಕಿಯತ್ತಲೇ ನೋಡುತ್ತ ನಿಂತೆ.