ಮಡ್‌ಗಾರ್ಡಿನ ಕೊನೇ ಬೋಲ್ಟು

ಹಲೋ... ಹಲೋ, ಯಾರು ಮಾತಾಡ್ತಿರೋದು? ಭಾವನೋರಾ?... ಹಾಂ, ನಾನೇ, ನಿಮ್ಮ ತಮ್ಮನ ಹೆಂಡ್ತಿ. ಒಂದು ಘೋಷಣೆ ಇದೆ, ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ. ಈ ದಿನ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ, ಮನೆಯ ಸಮಸ್ತ ಸದಸ್ಯರ, ಅಂದ್ರೆ ನನ್ನ, ಸಮ್ಮುಖದಲ್ಲಿ, ನಿಮ್ಮಿಬ್ಬರ ಹಳೇ ಸ್ಪೋರ್ಟ್ಸ್ ಕಾರಿನ ಎಡಗಡೆ ಬಾಗಿಲು ನಲವತ್ತೆಂಟು ವರ್ಷಗಳ ಸುದೀರ್ಘ ಸೇವೆಯ ನಂತರ ನಿವೃತ್ತಿ ಹೊಂದಿದೆ.

... ಅಯ್ಯೋ, ಮುರಿದಿಲ್ಲ. ಬಿಚ್ಚಿದಾರೆ. ನಿಮ್ಮ ತಮ್ಮ ಹೆಚ್ಚುಕಮ್ಮಿ ಪೂರ್ತಿ ಕಾರೇ ಬಿಚ್ಚಿದಾರೆ ಭಾವ. ಟಿಂಕರಿಂಗು, ಪೇಂಟು ಎಲ್ಲ ಮಾಡಿಸ್ತಾರಂತೆ. ನಾಳೆ ಬೆಳಗ್ಗೆ ಎಂಟಕ್ಕೆ ಲಾರಿ ಬರುತ್ತೆ.

... ನಿಮ್ಗೆ ಹೇಳ್ಳಿಲ್ವಾ? ಹೇಗೆ ಹೇಳ್ತಾರೆ? ಮೂರು ವರ್ಷದಿಂದ ಇಬ್ರೂ ಮಾತು ಬಿಟ್ಟಿದೀರಲ್ಲ. ಎರಡೇ ಸೀಟಿನ ಕಾರು, ಇಬ್ರೂ ಸೇರಿ ತಗೊಂಡ್ರಿ, ಇಬ್ರಿಗೂ ಡ್ರೈವರ್ ಸೀಟೇ ಬೇಕು. ಗೇಟಿನ ಕಂಬಕ್ಕೆ ಗುದ್ದಿದ್ದು ಯಾರು ಅಂದ್ರೆ ಮಾತ್ರ ಇಬ್ರೂ ಅಲ್ಲ.

... ಹಾಂ ಹಾಂ, ನೀವಲ್ಲ. ಅವರೂ ಅಲ್ಲ. ಕಂಬನೇ ನಡ್ಕೊಂಡು ಬಂತು, ಅಲ್ವಾ?

... ಬಿಚ್ಚಿದ ಸಾಮಾನಾ? ಎಲ್ಲ ಮನೆಯೊಳಗೇ. ಮುಂದಿನ ಗಾಜು ನನ್ನ ಕಂಬಳಿ ಹೊದ್ಕೊಂಡು ಮಂಚದ ಕೆಳಗೆ ಮಲಗಿದೆ. ಹೆಡ್‌ಲೈಟೆರಡೂ ಪುಸ್ತಕದ ಕಪಾಟಲ್ಲಿ. ಆಚೆ ಈಚೆ ಓಡಾಡಿದ್ರೆ ಕಣ್ಣು ಬಿಟ್ಕೊಂಡು ನನ್ನೇ ನೋಡ್ತವೆ. ಸ್ಟೀರಿಂಗ್ ಅಡುಗೆಮನೆ ಮೊಳೆಗೆ ನೇತಾಕಿದೀನಿ. ಈ ಮನೆ ನಡೆಸ್ತಿರೋದು ಯಾರು ಅಂತ ಬಂದೋರಿಗೆ ಗೊತ್ತಾಗ್ಲಿ.

... ಇಲ್ಲ, ಸ್ಕ್ರೂ ಒಂದೂ ಕಳೆದಿಲ್ಲ. ಒಂದೊಂದಕ್ಕೂ ಪೊಟ್ಟಣ, ಪೊಟ್ಟಣಕ್ಕೊಂದು ಚೀಟಿ. 'ಎಡ ಬಾಗಿಲ ಕೀಲು, ಮೇಲಿನದು.' 'ಬಂಪರ್, ಮುಂದೆ.' ನಮ್ಮ ಮದುವೆ ತಾರೀಕು ನೆನಪಿಲ್ಲದ ಮನುಷ್ಯ, ಒಂದೊಂದು ವಾಷರಿನ ವಿಳಾಸ ಬರೆದಿಟ್ಟಿದಾರೆ.

... ಅದೇ ಹೇಳಕ್ಕೇ ಫೋನ್ ಮಾಡಿದ್ದು. ಅದ್ರಲ್ಲಿ ಏಳು ಪೊಟ್ಟಣದ ಮೇಲೆ ಏನು ಬರೆದಿದೆ ಗೊತ್ತಾ? 'ಎಲ್ಲಿಯದೋ. ಅಣ್ಣನ್ನ ಕೇಳಬೇಕು.'

... ಏನು ಭಾವ, ಮೂಗು ಸೀಟಿದ ಹಾಗಾಯ್ತು. ನೆಗಡಿನಾ? ಸರಿ, ನೆಗಡಿ ಅಂತಾನೇ ಇಟ್ಕೊಳ್ಳೋಣ.

... ಕೇಳಲ್ಲ. ಏನೇ ಆದ್ರೂ ಅವರಾಗಿ ಬಾಯಿಬಿಟ್ಟು ಕೇಳಲ್ಲ. ನಿಮ್ಮ ತಮ್ಮ ಅಲ್ವಾ? ಅದಕ್ಕೇ ಇವತ್ತು ನೀವೇ ಬರ್ಬೇಕು. ಒಳ್ಳೇ ನೆಪ ಸಿಕ್ಕಿದೆ. ಮುಂದಿನ ಮಡ್‌ಗಾರ್ಡು, ಅದೇ, ಆ ಕಂಬ ಬಂದು ಗುದ್ದಿದ್ದು. ಒಂದೇ ಒಂದು ಬೋಲ್ಟು ಉಳ್ಕೊಂಡಿದೆ. ತಲೆ ಹೊರಗೆ, ಚಕ್ರದ ಹಿಂದೆ. ನಟ್ಟು ಒಳಗೆ, ಕಾಲಿಡೋ ಜಾಗದಲ್ಲಿ. ಹೊರಗೆ ತಿರುಗಿಸಿದ್ರೆ ಒಳಗೆ ನಟ್ಟೂ ಜೊತೆಗೇ ಸುತ್ತುತ್ತೆ. ಒಬ್ರು ಒಳಗೆ ಹಿಡ್ಕೊಬೇಕು, ಇನ್ನೊಬ್ರು ಹೊರಗೆ ತಿರುಗಿಸ್ಬೇಕು. ಬೆಳಗ್ಗಿಂದ ಒಬ್ರೇ ಒಳಗೂ ಹೊರಗೂ ಓಡಾಡ್ತಿದಾರೆ, ನಟ್ಟಿಗೆ ಗೊತ್ತಾಗದ ಹಾಗೆ ಹೋಗಿ ಹಿಡಿಯೋರ ಥರ.

... ನಾನಾ? ನನಗೆ ಮಣಿಕಟ್ಟು ನೋವು... ಹೌದು, ಇವತ್ತೇ. ಬೋಲ್ಟು ಹಠ ಹಿಡಿದ ತಕ್ಷಣ ಶುರುವಾಯ್ತು... ಪಕ್ಕದ ಮನೆಯೋರಾ? ಸಹಾಯ ಬೇಕಾ ಅಂತ ಬಂದಿದ್ರು ಪಾಪ. ಇವರು ಮಲಗಿದಾರೆ ಅಂದು ಕಳಿಸ್ದೆ. ಶೆಡ್ಡಲ್ಲಿ ಢಣ್ ಢಣ್ ಅಂತಿತ್ತು, ಗೊರಕೆ ಅಂದೆ.

... ನಾಳೆ ಆಗಲ್ಲ ಭಾವ. ಲಾರಿ ಹತ್ತಿದ್ರೆ ವಾಪಸ್ ಬರೋದು ನಾಲ್ಕು ತಿಂಗಳಿಗೆ. ನೆಗ್ಗು ತಟ್ಟಿ, ಬಣ್ಣ ಬಳಿದು, ಹೊಚ್ಚ ಹೊಸದಾಗಿ ಬರುತ್ತೆ. ಆಮೇಲೆ ಯಾವ ನೆಪ ಹೇಳಿ ನಿಮ್ಮನ್ನ ಕರೀಲಿ? ಕಾರನ್ನ ತಟ್ಟಿ ನೆಟ್ಟಗೆ ಮಾಡೋರು ಊರ ತುಂಬ ಇದಾರೆ, ನಿಮ್ಮಿಬ್ರನ್ನ ಮಾಡೋರು ಯಾರು?

... ಏನು? ಲಾಕಿಂಗ್ ಪ್ಲೈಯರಾ, ಕಚ್ಚಿದ್ರೆ ಬಿಡದ ಆ ಇಕ್ಕಳನಾ?... ಬೇಡ, ಉಪಾಯ ಹೇಳ್ಬೇಡಿ. ನಾನು ಕರೀತಿರೋದು ನಿಮ್ಮನ್ನ, ನಿಮ್ಮ ಉಪಾಯಾನಲ್ಲ... ಮೆಲ್ಲಗೆ ಭಾವ, ಮಾತಾಡ್ತಾ ಶೆಡ್ಡಿನ ಬಾಗಿಲಿಗೇ ಬಂದ್ಬಿಟ್ಟಿದೀನಿ... ನಟ್ಟಿಗೆ ಪ್ಲೈಯರ್ ಕಚ್ಚಿಸಿ, ಅದರ ಹಿಡಿಕೆನ ಪಕ್ಕದ ತಗಡಿಗೆ ಒರಗಿಸಿಬಿಟ್ರೆ, ತಾನಾಗೇ ಹಿಡ್ಕೊಳ್ಳುತ್ತಾ? ಇನ್ನೊಬ್ರು ಬೇಡ್ವೇ ಬೇಡ್ವಾ?

... ಅಯ್ಯೋ, ನೀವಂದಿದ್ದನ್ನ ನಾನ್ಯಾಕೆ ಜೋರಾಗಿ ಹೇಳ್ದೆ. ನಿಮ್ಮ ತಮ್ಮ ತಲೆ ಎತ್ತಿದಾರೆ... ಟೂಲ್ ಡಬ್ಬಿ ತಡಕ್ತಿದಾರೆ. ನೋಡಿ, ಅಣ್ಣ ಹೇಳಿದ ಕೂಡ್ಲೇ ಮಾಡ್ತಿದಾರೆ. ನಾನು ಇಷ್ಟು ವರ್ಷ ಹೇಳಿದ್ರಲ್ಲಿ ಒಂದಾದ್ರೂ...

... ಇರಿ... ಇರಿ, ಕಿರ್ ಅಂತು... ಬಂತು ಭಾವ. ಬೋಲ್ಟು ಬಂತು. ಅದನ್ನ ಹಿಡ್ಕೊಂಡು ನನ್ನ ಕಡೆ ನೋಡ್ತಿದಾರೆ. ನನ್ನ ಕಡೆ ಅಲ್ಲ, ಫೋನ್ ಕಡೆ.

... ಅಂತೀರಿ, ಗೊತ್ತಿತ್ತು. 'ಹಾಗಾದ್ರೆ ನಾನ್ಯಾಕೆ ಬರ್ಲಿ' ಅಂತೀರಿ. ಮೂರು ವರ್ಷಕ್ಕೆ ಮೊದಲ ಸಲ ಅಣ್ಣ ತಮ್ಮ ಸೇರಿ ಒಂದು ಕೆಲಸ ಮಾಡಿದ್ರಿ, ಅದೂ ನನ್ನ ನೆಪ ಕಿತ್ತು ಹಾಕೋ ಕೆಲಸ.

... ಇಡ್ಬೇಡಿ, ಇಡ್ಬೇಡಿ. ಅವರು ಕೈ ತೊಳ್ಕೊಳ್ಳಕ್ಕೆ ಹೋದ್ರು. ಪೊಟ್ಟಣಕ್ಕೆ ಹಾಕು ಅಂತ ಬೋಲ್ಟು ನಟ್ಟು ಎರಡೂ ನನ್ನ ಕೈಲೇ ಕೊಟ್ಟಿದಾರೆ. ಅರ್ಧ ಗಂಟೇಲಿ ಬರ್ತೀನಿ ಅನ್ನಿ, ನಾನೇ ಅದನ್ನ ವಾಪಸ್ ಹಾಕಿ ಬಿಗಿ ಮಾಡಿಟ್ಟಿರ್ತೀನಿ... ನಗ್ಬೇಡಿ, ನಿಜವಾಗ್ಲೂ... ಹಾಂ? ಹೊರಟ್ರಾ? ಸರಿ, ಬೇಗ ಹೇಳಿ, ಬಿಗಿ ಮಾಡಕ್ಕೆ ಯಾವ ಕಡೆ ತಿರುಗಿಸ್ಬೇಕು?... ಗಡಿಯಾರದ ಮುಳ್ಳು ಹೋಗೋ ಕಡೆ, ಸರಿ, ಆದ್ರೆ ಒಳಗಡೆ ನಿಂತು ನೋಡಿದ್ರಾ, ಹೊರಗಡೆ ನಿಂತು ನೋಡಿದ್ರಾ?... ಹಲೋ?... ಭಾವ, ಒಳಗಡೆನಾ, ಹೊರಗ...