ಕಿಟಕಿ ಪಕ್ಕದ ಕುರ್ಚಿಯಲ್ಲಿ ಇನ್ನು ಯಾರು ಕೂರಬೇಕು?

ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ, ಅಳಿಯಂದಿರಿಗೆ, ನಮ್ಮ ಪ್ರಿನ್ಸಿಪಾಲರಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿಗಳಿಗೆ — ನಮಸ್ಕಾರ. 'ಲೇಡೀಸ್ ಅಂಡ್ ಜಂಟಲ್‌ಮನ್' ಎಂದು ಶುರು ಮಾಡೋಣವೆಂದುಕೊಂಡಿದ್ದೆ. ಅದರ ಮುಂದಿನ ವಾಕ್ಯ ಕಾಲೇಜು ಬಿಟ್ಟಾಗಲೇ ಮರೆತುಹೋಗಿದೆ. ಇರಲಿ.

ಅಗಲಿದ ನಮ್ಮ ಗೆಳೆಯರು, ಅತ್ತಿಗೆಯವರ ಯಜಮಾನರು, ನಿಮಗೆಲ್ಲ ಅರ್ಥಶಾಸ್ತ್ರದ ಮೇಷ್ಟ್ರು. ಬೆನ್ನ ಹಿಂದೆ — ಹೇಳಿದರೆ ತಪ್ಪಿಲ್ಲ, ಅವರಿಗೂ ಗೊತ್ತಿತ್ತು — 'ಹಾಗಂದ್ರೇನು ಮೇಷ್ಟ್ರು'. ನಾನು ಪಕ್ಕದ ಕೋಣೆಯಲ್ಲಿ ಭೂಗೋಳ ಹೇಳುತ್ತಿದ್ದವನು. ನಿವೃತ್ತರಾದ ಮೇಲೂ ಅವರು ಸಂಜೆ ಲೈಬ್ರರಿಗೆ ಬರುವುದನ್ನು ಬಿಡಲಿಲ್ಲ. ಕಿಟಕಿ ಪಕ್ಕದ ಮೇಜು. ಈ ಕಡೆ ಓದುವ ಮಕ್ಕಳು. ಆ ಕಡೆ ಒಂದು ಕಾಲು ಗಿಡ್ಡವಾದ ಕುರ್ಚಿ — ಅದರ ಮೇಲೆ ಇವರು, ಹೀಗೆ, ಸ್ವಲ್ಪ ವಾಲಿಕೊಂಡು.

ಅಲ್ಲಿ ಅವರು ಮಾಡುತ್ತಿದ್ದುದಾದರೂ ಏನು? ಪಾಠ ಹೇಳುತ್ತಿರಲಿಲ್ಲ. ನೋಟ್ಸ್ ಕೊಡುತ್ತಿರಲಿಲ್ಲ. ಆದರೂ ಪುಸ್ತಕ ಕಂಡರೆ ಆಕಳಿಸುತ್ತಿದ್ದವರು ಓದಿಕೊಂಡು ಏಳುತ್ತಿದ್ದರು. ಹೇಗೆ? ಕುತೂಹಲ ತಡೆಯಲಾರದೆ ಒಂದು ಸಂಜೆ ಪೇಪರು ಅಡ್ಡ ಹಿಡಿದು ಹಿಂದಿನ ಮೇಜಿನಲ್ಲಿ ಕೂತೆ.

ಒಬ್ಬ ಹುಡುಗಿ ಬಂದಳು. ಇಲ್ಲೇ ಇದ್ದಾಳೆ — ತಲೆ ತಗ್ಗಿಸಬೇಡಮ್ಮ. ಪುಸ್ತಕ ತೆರೆದರೆ ಪುಟವಿಡೀ ಹೈಲೈಟರಿನ ಹಳದಿ. ಗೆರೆ ಬೀಳದ ಸಾಲೇ ಇಲ್ಲ.

"ಪುಟಕ್ಕೆ ಬಣ್ಣ ಹೊಡೆಸಿದ್ದೀಯ, ಸರಿ. ಒಳಗೆ ವಾಸಕ್ಕೆ ಯಾರು ಬರ್ತಾರೆ?"

"ಮೂರು ಸಲ ಓದಿದೀನಿ ಸಾರ್. ತಲೆಗೇ ಹೋಗ್ತಿಲ್ಲ."

"ಓದೋಕೆ ಮುಂಚೆ ಏನು ತಿಳ್ಕೋಬೇಕು ಅಂತಿದ್ದೆ?"

"ಏನಿಲ್ಲ ಸಾರ್. ಪರೀಕ್ಷೆಗೆ ಬರುತ್ತೆ ಅಂದ್ರು, ಓದಿದೆ."

"ಏನು ಬೇಕು ಅಂತ ಗೊತ್ತಿಲ್ದೆ ಅಂಗಡಿಗೆ ಹೋದಂಗಾಯ್ತಲ್ಲ! ಮೊದ್ಲು ತಲೆಬರಹ ನೋಡು. ಅದನ್ನ ಒಂದು ಪ್ರಶ್ನೆ ಮಾಡ್ಕೊ. ಉತ್ತರ ಹುಡುಕ್ತಾ ಒಂದೇ ಪುಟ ಓದು. ಆಮೇಲೆ ಪುಸ್ತಕ ಮುಚ್ಚಿ ನಂಗೆ ಹೇಳು."

ತಲೆಬರಹ 'ಬೆಲೆ ಏರಿಕೆ'. ಬೆಲೆ ಯಾಕೆ ಏರುತ್ತೆ? — ಇದು ಪ್ರಶ್ನೆ. ಓದಿದಳು, ಮುಚ್ಚಿದಳು, ಪುಸ್ತಕದ ವಾಕ್ಯವನ್ನೇ ಗಿಣಿಯಂತೆ ಒಪ್ಪಿಸಿದಳು.

"ಹಾಗಂದ್ರೇನು?"

ಮತ್ತೆ ಅದೇ ವಾಕ್ಯ.

"ಹಾಗಂದ್ರೇನು?"

ಅವಳು ಕಿಟಕಿ ನೋಡುತ್ತಾಳೆ, ಇವರು ಅವಳನ್ನು ನೋಡುತ್ತಾರೆ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ — ಪೇಪರಿನ ಹಿಂದಿನಿಂದಲೇ, "ಸಾಮಾನು ಕಮ್ಮಿ, ಕೊಳ್ಳೋರು ಜಾಸ್ತಿ!" ಎಂದುಬಿಟ್ಟೆ. ಇವರು ತಿರುಗಿಯೂ ನೋಡದೆ, "ಭೂಗೋಳದವರು ಸ್ವಲ್ಪ ಸುಮ್ನಿರ್ಬೇಕು" ಎಂದರು. ಅವಳು ನಕ್ಕಳು. ಎಲ್ಲಿ ತಡವರಿಸಿದ್ದಳೋ ಅಷ್ಟೇ ಜಾಗ ತೆರೆದು ಓದಿ, ಪುನಃ ಮುಚ್ಚಿದಳು.

"ಕೊನೆ ಬಸ್ಸು ಹೋದ್ಮೇಲೆ ಆಟೋದವನು ಕೇಳಿದಷ್ಟು ಕೊಡ್ತೀವಲ್ಲ ಸಾರ್, ಹಂಗೆ!"

ನಮ್ಮ ಕಾಲದ ಪ್ರಶ್ನೆಪತ್ರಿಕೆಯಲ್ಲಿ 'ಇನ್ ಯುವರ್ ಓನ್ ವರ್ಡ್ಸ್' ಎಂದು ಇರುತ್ತಿತ್ತು. ನನ್ನ ಹತ್ತಿರ ಸ್ವಂತ ಇಂಗ್ಲಿಷು ಎಲ್ಲಿತ್ತು? ಗೈಡಿನದನ್ನೇ ಇಳಿಸುತ್ತಿದ್ದೆ. ಆ ಮಾತಿನ ಅರ್ಥ ನನಗಾದದ್ದು ಆ ಸಂಜೆ, ಪೇಪರಿನ ಹಿಂದೆ.

"ಇದನ್ನೆಲ್ಲಿ ಕಲಿತ್ರಿ?" ಎಂದು ಕೇಳಿದೆ. "ಮನೇಲಿ" ಎಂದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಳೆಯ ಪಾಠ ಓದಿ, ಅತ್ತಿಗೆಯವರ ಹೊಲಿಗೆ ಯಂತ್ರದ ಪಕ್ಕ ನಿಂತು ಹೇಳುತ್ತಿದ್ದರಂತೆ. ಚಕ್ರ ತಿರುಗುತ್ತಿದ್ದರೆ ಪಾಠ ಸರಿಯಿದೆ. ಚಕ್ರ ನಿಂತು, "ಹಾಗಂದ್ರೇನು?" ಎಂದು ಅತ್ತಿಗೆ ಕೇಳಿದರೆ — ಮತ್ತೆ ಪುಸ್ತಕಕ್ಕೆ! ಆ ಅಡ್ಡಹೆಸರಿನ ನಿಜವಾದ ಒಡತಿ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಈಗ ಆ ಕುರ್ಚಿ ಖಾಲಿ. ಪರೀಕ್ಷೆ ಹತ್ತಿರ ಬಂತು. ಈ ಸಲ ದಾಟದಿದ್ದರೆ ಓದು ಬಿಡಿಸುತ್ತೇವೆ ಎಂದು ಮನೆಯಲ್ಲಿ ಹೇಳಿಸಿಕೊಂಡವರೂ ಹಿಂದೆ ನಿಂತಿದ್ದಾರೆ. "ನೀವಾದ್ರೂ ಬಂದು ಕೂತ್ಕೊಳ್ಳಿ ಸಾರ್" ಎಂದು ನನ್ನನ್ನು ಕರೆದರು. ಹೋದೆ, ಕೂತೆ. ಮಕ್ಕಳು ಪುಸ್ತಕ ಮುಚ್ಚುವ ಮೊದಲೇ ನಾನು ಬಾಯಿ ತೆರೆದೆ. ಬೆಲೆ ಏರಿಕೆಯಿಂದ ಶುರುವಾದದ್ದು ಹಡಗು, ಬಂದರು, ಗಾಳಿಯ ದಿಕ್ಕಿನವರೆಗೂ ಹೋಯಿತು. ಕೊನೆಗೊಬ್ಬ ಕೈ ಎತ್ತಿದ: "ಸಾರ್, ನಾವು ಹೇಳೋದು ಯಾವಾಗ?"

ಅದಕ್ಕೇ ಎಲ್ಲರೆದುರು ಕೇಳುತ್ತಿದ್ದೇನೆ. ಅತ್ತಿಗೆ — ಆ ಕುರ್ಚಿಯಲ್ಲಿ ನೀವು ಕೂರಬೇಕು. ತಲೆ ಅಲ್ಲಾಡಿಸಬೇಡಿ. ಏನಂದಿರಿ? ಜೋರಾಗಿ ಹೇಳಿ — "ನಂಗೇನೂ ಗೊತ್ತಿಲ್ವಲ್ಲ" ಎನ್ನುತ್ತಿದ್ದಾರೆ. ಅಯ್ಯೋ, ಗೊತ್ತಿರುವವನು ಕೂತು ಏನಾಯಿತೆಂದು ಈಗಷ್ಟೇ ಹೇಳಿದೆನಲ್ಲ!

ಮಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಏನಮ್ಮ? — "ಮೊದ್ಲು ಆ ಕುರ್ಚಿ ಕಾಲು ಸರಿ ಮಾಡ್ಸಿ" ಅಂದರಂತೆ.

ಪ್ರಿನ್ಸಿಪಾಲರೇ, ಕೇಳಿಸಿತಲ್ಲ? ನಾಳೆಯೇ ಬಡಗಿಯನ್ನು ಕರೆಸಿ.

ಇನ್ನು ನನ್ನ ಮಾತು ಮುಗಿಯಿತು. "ನೀವಾಗೇ ಬಾಯಿ ಮುಚ್ಚೋದನ್ನ ಒಂದು ಸಲ ನೋಡ್ಬೇಕು" ಎನ್ನುತ್ತಿದ್ದಳು ನನ್ನ ಹೆಂಡತಿ. ನೋಡಲು ಅವಳಿಲ್ಲ. ಇವರೂ ಇಲ್ಲ. ನೀವಿದ್ದೀರಿ.

ಎಲ್ಲರೂ ಎದ್ದು ನಿಲ್ಲೋಣ. ನಿಂತಷ್ಟು ಹೊತ್ತು ಅವರ ಬಗ್ಗೆ ಒಂದೇ ಒಂದು ಸಂಗತಿಯನ್ನು, ಇಲ್ಲಿ ಕೇಳಿದ್ದನ್ನಲ್ಲ, ನೀವೇ ಕಂಡದ್ದನ್ನು, ನಿಮ್ಮದೇ ಮಾತಿನಲ್ಲಿ ಮನಸ್ಸಿನೊಳಗೇ ಅವರಿಗೆ ಹೇಳಿ. ಅವರು ಕೇಳಿಸಿಕೊಳ್ಳುವುದರಲ್ಲಿ ಗಟ್ಟಿಗರು.

ಭೂಗೋಳದವನು ಸುಮ್ಮನಿರುತ್ತಾನೆ.